ಐದು ತಾಲ್ಲೂಕುಗಳಲ್ಲಿ ವಿದ್ಯುತ್ ಕಾರಿನ ಚಾರ್ಜಿಂಗ್: ಒಂದು ಸಮೀಕ್ಷೆ

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಪಕ್ಕಪಕ್ಕದ ಎರಡು ತಾಲ್ಲೂಕು ಕೇಂದ್ರಗಳ ನಡುವಿನ ದೂರ ಹೆಚ್ಚೂಕಡಿಮೆ 20ರಿಂದ 50 ಕಿಲೋಮೀಟರ್ ಇರುವ ಈ ಸೀಮೆಯಲ್ಲಿ ಒಬ್ಬ ವ್ಯಾಪಾರಿಯೋ ಶಿಕ್ಷಕನೋ ವೈದ್ಯನೋ ದಿನವೊಂದಕ್ಕೆ ಓಡಾಡುವ ದೂರವನ್ನು ಇಂದಿನ ಸಾಧಾರಣ ವಿದ್ಯುತ್ ಕಾರು ಒಂದೇ ಚಾರ್ಜಿನಲ್ಲಿ ಮುಗಿಸಬಲ್ಲದು. ಆದ್ದರಿಂದ ಇಲ್ಲಿ ವಿದ್ಯುತ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವ, ‘ದಾರಿಯಲ್ಲಿ ಚಾರ್ಜರ್ ಎಲ್ಲಿದೆ?’ ಎಂಬ ಪ್ರಶ್ನೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮನೆಯ ಗೋಡೆಯಲ್ಲಿರುವ ಪ್ಲಗ್ಗು, ಅದರ ಹಿಂದಿನ ತಂತಿ, ಆ ತಂತಿಯ ಅರ್ಥಿಂಗ್, ಮೀಟರಿಗೆ ಮಂಜೂರಾದ ಲೋಡು, ಬೀದಿಯ ಪರಿವರ್ತಕ ಹಾಗೂ ಊರಿನ ಫೀಡರ್, ಇವು ರಾತ್ರಿಯಿಡೀ ಮೂರು ಕಿಲೋವ್ಯಾಟ್ ಭಾರವನ್ನು ಹೊರಬಲ್ಲವೇ ಎಂಬುದೇ ಆ ಪ್ರಶ್ನೆ. ಬೆಂಗಳೂರಿನ ಅನುಭವದ ಮೇಲೆ ಬರೆದ ಕೈಪಿಡಿಗಳು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳದಿಂದ ಶುರುವಾಗಿ ಮಾಲ್‌ನ ಚಾರ್ಜರಿನಲ್ಲಿ ಮುಗಿಯುತ್ತವೆಯೇ ಹೊರತು ಈ ಪ್ರಶ್ನೆಯತ್ತ ಹೆಚ್ಚಾಗಿ ತಿರುಗಿ ನೋಡುವುದಿಲ್ಲ.

ಮೊದಲಿಗೆ ಪರಿಭಾಷೆಯ ಎರಡು ಮಾತು. ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’ ಎಂದು ನಮೂದಾಗುವುದು ಒಂದು ಕಿಲೋವ್ಯಾಟ್ ಅವರ್ ಶಕ್ತಿ. ಕಾರಿನ ಬ್ಯಾಟರಿಯ ಸಾಮರ್ಥ್ಯವನ್ನು ಹೇಳುವುದೂ ಇದೇ ಅಳತೆಯಲ್ಲಿ. ಕಿಲೋವ್ಯಾಟ್ ಎಂಬುದು ಮಾತ್ರ ಶಕ್ತಿ ಹರಿಯುವ ವೇಗದ ಅಳತೆ. ತೊಟ್ಟಿಯಲ್ಲಿರುವ ನೀರು ಯೂನಿಟ್ಟಾದರೆ ತೊಟ್ಟಿಗೆ ನೀರು ಬಿಡುವ ಕೊಳವೆಯ ಗಾತ್ರ ಕಿಲೋವ್ಯಾಟ್. 2022ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಟಿಯಾಗೊ ವಿದ್ಯುತ್ ಕಾರಿಗೆ 19.2 ಮತ್ತು 24 ಯೂನಿಟ್ಟುಗಳ ಎರಡು ಬ್ಯಾಟರಿಗಳಿದ್ದವು, ಎಂ.ಜಿ. ವಿಂಡ್ಸರ್ 38 ಯೂನಿಟ್ ಬ್ಯಾಟರಿಯೊಂದಿಗೆ ಬಂದಿತು, 2020ರಲ್ಲಿ 30.2 ಯೂನಿಟ್ಟಿನಿಂದ ಆರಂಭವಾದ ನೆಕ್ಸಾನ್ ಈಗ 45 ಯೂನಿಟ್ಟಿನವರೆಗೂ ಬೆಳೆದಿದೆ. ಇಂಥ ಕಾರುಗಳು ನಮ್ಮ ರಸ್ತೆಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು ಆರರಿಂದ ಎಂಟು ಕಿಲೋಮೀಟರ್ ಓಡುತ್ತವೆ. ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ದೂರ ಪ್ರಯೋಗಶಾಲೆಯ ಲೆಕ್ಕದ್ದಾದ ಕಾರಣ ಅದರಲ್ಲಿ ಮೂರನೆಯ ಒಂದು ಪಾಲನ್ನು ಕಳೆದುಕೊಂಡು ಉಳಿದದ್ದನ್ನು ನಂಬುವುದು ವಿವೇಕ.

ಮನೆಯ ಸಾಕೆಟ್ಟಿನಲ್ಲಿ ಬರುವುದು ಎ.ಸಿ. ಎಂಬ ಪರ್ಯಾಯ ವಿದ್ಯುತ್. ಬ್ಯಾಟರಿ ಒಪ್ಪಿಕೊಳ್ಳುವುದು ಡಿ.ಸಿ. ಎಂಬ ನೇರ ವಿದ್ಯುತ್ತನ್ನು ಮಾತ್ರ. ಒಂದನ್ನು ಇನ್ನೊಂದಾಗಿ ಪರಿವರ್ತಿಸುವ ಯಂತ್ರ ಕಾರಿನೊಳಗೇ ಇರುತ್ತದೆ, ಮತ್ತು ನಿಜವಾದ ಅರ್ಥದಲ್ಲಿ ‘ಚಾರ್ಜರ್’ ಎಂದರೆ ಅದೇ. ಗೋಡೆಗೆ ಸಿಕ್ಕಿಸುವ ಪೆಟ್ಟಿಗೆಯೂ ಕೇಬಲ್ಲೂ ಕಾರಿನೊಡನೆ ಸಂಕೇತಗಳ ಮೂಲಕ ಮಾತಾಡಿ, ಎಲ್ಲವೂ ಸುರಕ್ಷಿತವೆಂದು ಖಾತ್ರಿಯಾದ ಮೇಲೆ ಕರೆಂಟ್ ಬಿಡುವ ಕಾವಲುಗಾರರಷ್ಟೇ. ಕಾರಿನೊಳಗಿನ ಚಾರ್ಜರು 3.3 ಕಿಲೋವ್ಯಾಟಿನದಾಗಿದ್ದರೆ ಮನೆಯಲ್ಲಿ ಅದಕ್ಕಿಂತ ದೊಡ್ಡ ಪೆಟ್ಟಿಗೆ ಕೂರಿಸಿ ಪ್ರಯೋಜನವಿಲ್ಲ ಎಂಬುದು ಮಾರಾಟ ಮಳಿಗೆಯಲ್ಲಿ ಸ್ಪಷ್ಟವಾಗಿ ಹೇಳಬೇಕಾದ, ಆದರೆ ಎಷ್ಟೋ ಸಲ ಹೇಳದೆ ಬಿಡುವ ಸಂಗತಿ. ಹೆದ್ದಾರಿಯ ವೇಗದ ಚಾರ್ಜರುಗಳಲ್ಲಿ ಈ ಪರಿವರ್ತನೆ ಹೊರಗಿನ ದೊಡ್ಡ ಕಂಬದಲ್ಲೇ ನಡೆದು ನೇರ ವಿದ್ಯುತ್ತು ಬ್ಯಾಟರಿಗೆ ಹೋಗುವುದರಿಂದ ಗಂಟೆಗಳ ಕೆಲಸ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಮನೆಯ ಪ್ಲಗ್ಗಿನಿಂದ ಕಾರು ಚಾರ್ಜ್ ಮಾಡುವುದು ಕರ್ನಾಟಕಕ್ಕೆ ಹೊಸದೇನಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಸಂಸ್ಥೆ ಮಾರುಕಟ್ಟೆಗೆ ತಂದ ‘ರೇವಾ’ ಸೀಸ–ಆಮ್ಲ ಬ್ಯಾಟರಿಯ ಪುಟ್ಟ ಕಾರಾಗಿದ್ದು, ಅದರ ಚಾರ್ಜಿಂಗ್ ವ್ಯವಸ್ಥೆಯೆಲ್ಲ 15 ಆಂಪಿಯರಿನ ಸಾಮಾನ್ಯ ಪವರ್ ಪ್ಲಗ್ಗನ್ನೇ ನಂಬಿತ್ತು. ಕಾಲು ಶತಮಾನ ಕಳೆದ ಮೇಲೂ ಸಣ್ಣ ಊರಿನ ಮಟ್ಟಿಗೆ ಅದೇ ಪ್ಲಗ್ಗು ಮುಖ್ಯವಾಗಿ ಉಳಿದಿದೆ. ಗೀಸರಿಗೆ ಬಳಸುವ 16 ಆಂಪಿಯರಿನ ಮೂರು ಕಣ್ಣಿನ ಸಾಕೆಟ್ಟಿನಿಂದ ಸುಮಾರು 3 ಕಿಲೋವ್ಯಾಟ್ ಪಡೆಯಬಹುದು. ರಾತ್ರಿ ಒಂಬತ್ತಕ್ಕೆ ಸಿಕ್ಕಿಸಿದರೆ ಬೆಳಗಿನ ಐದರ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಯೂನಿಟ್ ಬ್ಯಾಟರಿಗೆ ಸೇರಿರುತ್ತದೆ, ಅಂದರೆ ಹಡಗಲಿಯಿಂದ ಹೊಸಪೇಟೆಗೆ ಹೋಗಿ ಬರಬಹುದಾದಷ್ಟು. ಇದಕ್ಕಿಂತ ವೇಗ ಬೇಕೆನ್ನುವವರಿಗೆ 7.2 ಕಿಲೋವ್ಯಾಟಿನ ಗೋಡೆ ಪೆಟ್ಟಿಗೆ ಇದೆ. ಅದಕ್ಕೆ ದಪ್ಪ ತಂತಿ, ಹೆಚ್ಚಿನ ಮಂಜೂರಾದ ಲೋಡು, ಕೆಲವೊಮ್ಮೆ ಮೂರು ಫೇಸಿನ ಸಂಪರ್ಕ ಬೇಕಾಗುತ್ತದೆ. ದಿನಕ್ಕೆ 150 ಕಿಲೋಮೀಟರ್ ಮೀರಿ ಓಡಿಸುವ ಟ್ಯಾಕ್ಸಿಯವರನ್ನು ಬಿಟ್ಟರೆ ಈ ಐದು ಊರುಗಳಲ್ಲಿ ಆ ಖರ್ಚಿಗೆ ಕಾರಣ ಕಾಣುವುದಿಲ್ಲ.

ಆದರೆ ಗೀಸರಿಗೂ ಕಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗೀಸರು ಹದಿನೈದು ನಿಮಿಷ ಉರಿದು ಆರುತ್ತದೆ; ಕಾರು ಎಂಟು ಗಂಟೆ ಎಡೆಬಿಡದೆ ಅದೇ ಕರೆಂಟನ್ನು ಎಳೆಯುತ್ತದೆ. ಸಾಕೆಟ್ಟಿನೊಳಗೆ ಸಡಿಲವಾದ ಒಂದು ತಿರುಪು ಗೀಸರಿನ ಕಾಲಾವಧಿಯಲ್ಲಿ ಬೆಚ್ಚಗಾಗಿ ತಣ್ಣಗಾಗಬಹುದು, ಕಾರಿನ ಕಾಲಾವಧಿಯಲ್ಲಿ ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ತಂತಿ ಎಳೆಸಬೇಕು. ಆ ತಂತಿ 4 ಚದರ ಮಿಲಿಮೀಟರಿನ ತಾಮ್ರದ್ದಾಗಿರಬೇಕು. ಅದರ ತಲೆಗೆ 20 ಆಂಪಿಯರಿನ ಎಂ.ಸಿ.ಬಿ. ಹಾಗೂ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿಯುವ ಆರ್.ಸಿ.ಸಿ.ಬಿ. ಎರಡೂ ಇರಬೇಕು. ಎಂ.ಸಿ.ಬಿ. ಕಾಪಾಡುವುದು ತಂತಿಯನ್ನು, ಆರ್.ಸಿ.ಸಿ.ಬಿ. ಕಾಪಾಡುವುದು ಮನುಷ್ಯನನ್ನು, ಒಂದಿದ್ದರೆ ಇನ್ನೊಂದು ಬೇಡವೆನ್ನುವ ಎಲೆಕ್ಟ್ರಿಷಿಯನ್ನನ ಮಾತಿಗೆ ಒಪ್ಪಬಾರದು. ಮದುವೆ ಮನೆಗೆ ಶಾಮಿಯಾನದವರು ತರುವ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಾರು ಚಾರ್ಜ್ ಮಾಡುವುದಂತೂ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಅರ್ಥಿಂಗ್. ಕಾರಿನ ಕೇಬಲ್ಲಿನ ಪೆಟ್ಟಿಗೆ ಕರೆಂಟ್ ಬಿಡುವ ಮುಂಚೆ ನೆಲಸಂಪರ್ಕವನ್ನು ಪರೀಕ್ಷಿಸುತ್ತದೆ. ಅದು ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಟಿ.ವಿ., ಫ್ರಿಜ್, ಮಿಕ್ಸಿ ಎಲ್ಲವೂ ನಡೆಯುತ್ತಿರುವ ಮನೆಯಲ್ಲಿ ಕಾರು ಮಾತ್ರ ಚಾರ್ಜ್ ಆಗದಿದ್ದಾಗ ದೋಷ ಕಾರಿನದೆಂದು ಮಾಲೀಕರು ಸಿಟ್ಟಾಗುವುದು ಸಹಜ, ಆದರೆ ಮನೆಯ ಉಳಿದ ಸಾಧನಗಳು ಅರ್ಥಿಂಗ್ ಇಲ್ಲದೆಯೂ ನಡೆಯುತ್ತವೆ ಎಂಬುದೇ ಅಲ್ಲಿನ ದೋಷವನ್ನು ವರ್ಷಗಟ್ಟಲೆ ಮುಚ್ಚಿಟ್ಟಿರುತ್ತದೆ. ಮಣ್ಣಿನಲ್ಲಿ ತೇವವಿದ್ದಷ್ಟೂ ಅರ್ಥಿಂಗ್ ಚೆನ್ನಾಗಿರುತ್ತದೆ. ಮಳೆ ಕಡಿಮೆಯಿರುವ ಕೂಡ್ಲಿಗಿ, ಕೊಟ್ಟೂರು ಕಡೆಯ ಕೆಂಪು ಮರಳು ಮಿಶ್ರಿತ ನೆಲದಲ್ಲಿ ಕೆಲವೇ ಅಡಿ ಕೆಳಗೆ ಬಂಡೆ ಸಿಗುತ್ತದೆ. ಹಾಗಾಗಿ ಗುಂಡಿ ಬೇಕಾದಷ್ಟು ಆಳಕ್ಕೆ ಇಳಿಯುವುದಿಲ್ಲ, ಇಳಿದರೂ ಚೈತ್ರ–ವೈಶಾಖದ ಹೊತ್ತಿಗೆ ಅದರ ಸುತ್ತಲಿನ ಮಣ್ಣು ಒಣಗಿ ಪುಡಿಯಾಗಿರುತ್ತದೆ. ತುಂಗಭದ್ರೆಯ ದಂಡೆಯ ಕಡೆ ಹೋದಂತೆ ಸಿಗುವ ಎರೆ ಭೂಮಿ ತೇವ ಹಿಡಿದಿಡುವುದರಲ್ಲಿ ಮೇಲಾದರೂ ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದಲೇ ದೂರ ಸರಿದು, ಲೋಹಕ್ಕೂ ಮಣ್ಣಿಗೂ ನಡುವೆ ಗಾಳಿಯ ಸಂದು ಉಳಿಸುತ್ತದೆ. ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ ಜಿ.ಐ. ಪೈಪನ್ನು ಹೂಳುವ ಹಳೆಯ ಪದ್ಧತಿ ತಪ್ಪೇನಲ್ಲ. ತಪ್ಪಾಗುವುದು ಮನೆ ಕಟ್ಟಿದ ವರ್ಷ ಹೂತದ್ದನ್ನು ಹದಿನೈದು ವರ್ಷ ಕಣ್ಣೆತ್ತಿ ನೋಡದಿರುವುದರಲ್ಲಿ. ಉಪ್ಪು ಕರಗಿ ಹೋಗುತ್ತದೆ, ಪೈಪು ತುಕ್ಕು ಹಿಡಿಯುತ್ತದೆ, ಮೇಲಿನ ತಂತಿಯ ನಟ್ಟು ಸಡಿಲವಾಗುತ್ತದೆ.

ಇಲ್ಲಿ ನಡೆಯುವ ಒಂದು ಅಪಾಯಕಾರಿ ಜಾಣತನವನ್ನು ಹೆಸರಿಸಿಯೇ ಹೇಳಬೇಕು. ಕೆಂಪು ದೀಪ ಬಂದಾಗ ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯಿಂದ ಅರ್ಥ್ ಕಣ್ಣಿಗೆ ಒಂದು ತುಂಡು ತಂತಿ ಜೋಡಿಸಿಬಿಡುತ್ತಾರೆ. ಪೆಟ್ಟಿಗೆ ಮೋಸಹೋಗಿ ಹಸಿರು ದೀಪ ತೋರಿಸುತ್ತದೆ. ಆದರೆ ಕಂಬದ ಮೇಲೆಲ್ಲಾದರೂ ನ್ಯೂಟ್ರಲ್ ತುಂಡಾದ ಕ್ಷಣದಲ್ಲಿ ಕಾರಿನ ಇಡೀ ಲೋಹದ ಮೈಗೆ 230 ವೋಲ್ಟ್ ಬಂದು ನಿಲ್ಲುತ್ತದೆ, ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರು ಉಳಿಯುವ ಭರವಸೆಯಿಲ್ಲ. ಸರಿಯಾದ ಪರಿಹಾರ ಸರಳವಾಗಿದೆ: ಕಾರಿಗೆಂದೇ ಹೊಸ ಗುಂಡಿ ತೋಡಿಸಿ, ಬಂಡೆ ಅಡ್ಡ ಬಂದಲ್ಲಿ ಎರಡು ಗುಂಡಿ ತೋಡಿ ಪರಸ್ಪರ ಜೋಡಿಸಿ, ಅರ್ಥ್ ಟೆಸ್ಟರಿನಿಂದ ಅಳೆಸಿ, 5 ಓಮ್ ಒಳಗೆ ಬಂದಿದೆಯೆಂದು ಖಾತ್ರಿ ಮಾಡಿಕೊಳ್ಳುವುದು. ಫೇಸಿಗೂ ಅರ್ಥಿಗೂ ಬಲ್ಬು ಹಚ್ಚಿ, ಅದು ಉರಿದರೆ ಸರಿಯಿದೆಯೆನ್ನುವ ಪರೀಕ್ಷೆಯಿಂದ ಇದು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವ ರೂಢಿ ಹಾಸ್ಯದ ವಸ್ತುವಲ್ಲ, ವಿಜ್ಞಾನಕ್ಕೆ ಒಪ್ಪುವ ಕೆಲಸ.

ಮನೆಯೊಳಗಿನದು ಸರಿಹೋದರೆ ಉಳಿಯುವುದು ಬೀದಿಯ ಸಮಸ್ಯೆ. ಜನ ‘ಟಿ.ಸಿ.’ ಎಂದು ಕರೆಯುವ ಪರಿವರ್ತಕದ ಸಾಮರ್ಥ್ಯ ಸಾಮಾನ್ಯವಾಗಿ 25, 63 ಅಥವಾ 100 ಕೆ.ವಿ.ಎ. ಇರುತ್ತದೆ. ನಿಯಮದಂತೆ 230 ವೋಲ್ಟಿಗೆ ಶೇ 6ರಷ್ಟು ಹೆಚ್ಚುಕಡಿಮೆ ಇರಬಹುದಾದರೂ ಲೈನಿನ ತುದಿಯಲ್ಲಿರುವ ಮನೆಗಳಿಗೆ ಬೇಸಿಗೆಯ ಸಂಜೆ ಅದಕ್ಕಿಂತ ಬಹಳ ಕೆಳಗೆ ಬರುವುದು ಇಲ್ಲಿನವರಿಗೆ ಗೊತ್ತಿರುವ ಮಾತು. ವೋಲ್ಟೇಜ್ ಕುಸಿದಾಗ ಕಾರು ನಿಧಾನವಾಗಿ ಚಾರ್ಜ್ ಆಗುತ್ತದೆ, ತೀರಾ ಕುಸಿದರೆ ನಿಂತುಬಿಡುತ್ತದೆ. ಇದಕ್ಕೆ ದೊಡ್ಡ ಸ್ಟೆಬಿಲೈಸರ್ ಕೊಳ್ಳುವುದಕ್ಕಿಂತ ಚಾರ್ಜಿಂಗ್ ಸಮಯವನ್ನು ರಾತ್ರಿ ಹನ್ನೊಂದರ ನಂತರಕ್ಕೆ ಹೊಂದಿಸುವುದು ಅಗ್ಗದ ಉಪಾಯ. ಬಹುಪಾಲು ಕಾರುಗಳ ಪರದೆಯಲ್ಲೋ ಮೊಬೈಲಿನಲ್ಲೋ ಆ ಅನುಕೂಲವಿದೆ.

ತೋಟದ ಮನೆಗಳ ಸ್ಥಿತಿಯೇ ಬೇರೆ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ಮೂರು ಫೇಸ್ ವಿದ್ಯುತ್ ಕೊಡುವುದು ರಾಜ್ಯದ ನೀತಿಯಾಗಿದ್ದು, ಅದು ಗುಂಪುಗುಂಪಾಗಿ, ಪಾಳಿಯ ಮೇಲೆ, ಒಂದು ವಾರ ಹಗಲು ಇನ್ನೊಂದು ವಾರ ರಾತ್ರಿ ಎಂಬಂತೆ ಬರುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಫೀಡರನ್ನು ಪಂಪ್‌ಸೆಟ್ಟಿನ ಫೀಡರಿನಿಂದ ಬೇರ್ಪಡಿಸಿದ್ದರಿಂದ ಊರೊಳಗಿನವರಿಗೆ ಹಗಲಿರುಳು ವಿದ್ಯುತ್ ಸಿಕ್ಕಿತು, ಆದರೆ ಹೊಲದಲ್ಲಿ ಮನೆ ಕಟ್ಟಿಕೊಂಡವರು ಹಲವೆಡೆ ಪಂಪ್‌ಸೆಟ್ಟಿನ ಫೀಡರಿನಲ್ಲೇ ಉಳಿದರು. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ದೀಪಕ್ಕೆಂದು ಬಿಡುವ ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವವರು ಒಬ್ಬಿಬ್ಬರಿದ್ದರೂ ಆ ಲೈನಿನ ವೋಲ್ಟೇಜ್ ನೆಲಕಚ್ಚುತ್ತದೆ. ಅಂಥ ಕಡೆ ಕಾರನ್ನು ಚಾರ್ಜ್ ಮಾಡುವ ಸಮಯ ಮಾಲೀಕನ ಕೈಯಲ್ಲಿರುವುದಿಲ್ಲ, ಪಾಳಿಯ ಕೈಯಲ್ಲಿರುತ್ತದೆ. ಇನ್ನು, 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತವಾಗಿ ಬರುವ ವಿದ್ಯುತ್ತನ್ನು ಕಾರಿಗೆ ತಿರುಗಿಸಿಕೊಳ್ಳುವ ಆಸೆ ಯಾರಿಗಾದರೂ ಬಂದರೆ, ಮಂಜೂರಾದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ವಿದ್ಯುತ್ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನಡಿ ದಂಡದ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ತಿಳಿದಿರಬೇಕು.

ಹಣದ ಲೆಕ್ಕಕ್ಕೆ ಬಂದರೆ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ ಗೃಹಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಪ್ರತಿ ಮನೆಗೂ ಉಚಿತ ಯೂನಿಟ್ಟುಗಳ ಅರ್ಹತೆ ನಿಗದಿಯಾಯಿತು. ಬಳಕೆ ಅರ್ಹತೆಯನ್ನು ಮೀರಿದರೂ 200 ಯೂನಿಟ್ಟಿನೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ಈಗ ಒಂದು ಕಾರು ವರ್ಷಕ್ಕೆ 15,000 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಂಡರೆ, ಚಾರ್ಜಿಂಗಿನಲ್ಲಿ ಬಿಸಿಯಾಗಿ ಕಳೆದುಹೋಗುವ ನೂರಕ್ಕೆ ಹತ್ತರಷ್ಟನ್ನೂ ಸೇರಿಸಿ, ತಿಂಗಳಿಗೆ ಸುಮಾರು 200 ಯೂನಿಟ್ ಬೇಕು. ಅಂದರೆ ಮನೆಯಲ್ಲಿ ಒಂದು ದೀಪವನ್ನೂ ಹಚ್ಚದಿದ್ದರೂ ಕಾರೊಂದೇ ಗೃಹಜ್ಯೋತಿಯ ಗೆರೆಗೆ ಬಂದು ನಿಲ್ಲುತ್ತದೆ. ಕಡಿಮೆ ಓಡಿಸುವವರ ಲೆಕ್ಕ ಇನ್ನೂ ವಿಚಿತ್ರ. 90 ಯೂನಿಟ್ ಅರ್ಹತೆಯಿದ್ದು ಮನೆಗೆ 80 ಯೂನಿಟ್ ಬಳಸುವ ಕುಟುಂಬ ಕಾರಿಗೆ 110 ಯೂನಿಟ್ ಸೇರಿಸಿದರೆ ಒಟ್ಟು 190. ಯೂನಿಟ್ಟಿಗೆ ಆರು ರೂಪಾಯಿಯಂತೆ ಹೆಚ್ಚುವರಿ 100 ಯೂನಿಟ್ಟಿಗೆ 600 ರೂಪಾಯಿ. ಅದೇ ಕುಟುಂಬ ಇನ್ನೊಂದು 20 ಯೂನಿಟ್ ಬಳಸಿ 210 ಮುಟ್ಟಿದರೆ 1,260 ರೂಪಾಯಿ, ಸ್ಥಿರ ಶುಲ್ಕ ಮತ್ತು ತೆರಿಗೆ ಬೇರೆ. ಇಪ್ಪತ್ತು ಯೂನಿಟ್ಟಿಗೆ 660 ರೂಪಾಯಿ ತೆತ್ತಂತಾಯಿತು.

ಇದರಿಂದ ಪಾರಾಗುವ ದಾರಿ ಕಾರಿಗೇ ಪ್ರತ್ಯೇಕ ಮೀಟರು. ಮನೆಯ ಸಂಪರ್ಕದಲ್ಲೇ ಕಾರು ಚಾರ್ಜ್ ಮಾಡಲು ಕಾನೂನಿನ ಅಡ್ಡಿಯಿಲ್ಲ. ವಾಹನ ಚಾರ್ಜ್ ಮಾಡಲು ಪರವಾನಗಿ ಬೇಡವೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿತು, ಮನೆಯ ಚಾರ್ಜಿಂಗನ್ನು ಗೃಹಬಳಕೆಯೆಂದೇ ಎಣಿಸಬೇಕೆಂದು ಮಾರ್ಗಸೂಚಿಗಳು ಹೇಳಿದವು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಚಾರ್ಜಿಂಗ್ ಕೇಂದ್ರಗಳಿಗೆ ಯೂನಿಟ್ಟಿಗೆ 4.85 ರೂಪಾಯಿಯ ಪ್ರತ್ಯೇಕ ದರವನ್ನು ಗೊತ್ತುಮಾಡಿತು. ಆ ದರ ಮುಂದೆ ಪರಿಷ್ಕರಣೆಗೊಳ್ಳುತ್ತಾ ಬಂದರೂ ಪ್ರತ್ಯೇಕ ವರ್ಗ ಉಳಿದಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿ, ವಾಹನ ಚಾರ್ಜಿಂಗಿಗೆಂದೇ ಬೇರೆ ಸಂಪರ್ಕ ಪಡೆಯುವ ಅವಕಾಶವನ್ನು ಗ್ರಾಹಕರಿಗೆ ಕೊಟ್ಟಿತು. ತಿಂಗಳಿಗೆ ನೂರು ಯೂನಿಟ್ಟಿಗಿಂತ ಹೆಚ್ಚು ಕಾರಿಗೆ ಬೇಕಾಗುವವರಿಗೆ ಎರಡನೆಯ ಮೀಟರಿನ ಸ್ಥಿರ ಶುಲ್ಕ ಕೊಟ್ಟೂ ಇದು ಲಾಭವಾಗುವ ಸಂಭವ ಹೆಚ್ಚು. ಹೊಸ ಸಂಪರ್ಕಕ್ಕೆ ಯಾವ ದರವರ್ಗ ಅನ್ವಯಿಸುತ್ತದೆ ಎಂಬುದನ್ನು ಸೆಕ್ಷನ್ ಆಫೀಸಿನಲ್ಲಿ ಅರ್ಜಿಯ ಹಂತದಲ್ಲೇ ಬರಹದಲ್ಲಿ ಕೇಳಿ ಪಡೆಯುವುದು ಮುಖ್ಯ. ಹರಪನಹಳ್ಳಿ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿದ್ದ ತಾಲ್ಲೂಕು; ಕಂದಾಯದ ಗಡಿ ಬದಲಾದಂತೆ ವಿದ್ಯುತ್ತಿನ ಗಡಿ ಬದಲಾಗುವುದಿಲ್ಲವಾದ್ದರಿಂದ ತಮ್ಮದು ಜೆಸ್ಕಾಂ ಬಿಲ್ಲೋ ಬೆಸ್ಕಾಂ ಬಿಲ್ಲೋ ಎಂಬುದನ್ನು ಅಲ್ಲಿನವರು ಬಿಲ್ಲಿನ ತಲೆಬರಹ ನೋಡಿಯೇ ಮುಂದುವರಿಯುವುದು ಲೇಸು.

ಬಿಸಿಲಿಗೆ ಬರವಿಲ್ಲದ ಈ ಸೀಮೆಯಲ್ಲಿ ಚಾವಣಿಯ ಸೌರಫಲಕ ಮನೆ ಚಾರ್ಜಿಂಗಿಗೆ ಸಹಜ ಜೊತೆಗಾರ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಫಲಕಕ್ಕೆ 78,000 ರೂಪಾಯಿ ಸಹಾಯಧನವಿದ್ದು, ಅಷ್ಟು ಫಲಕ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ. ಅದು ಕಾರಿನ 80 ಕಿಲೋಮೀಟರಿಗೆ ಸಮ. ಹಗಲಿನಲ್ಲಿ ಕಾರು ಅಂಗಡಿಯ ಮುಂದೆ ನಿಂತಿರುತ್ತದೆ, ಫಲಕ ಮನೆಯ ಮೇಲಿರುತ್ತದೆ ಎಂಬ ತೊಡಕನ್ನು ನೆಟ್ ಮೀಟರ್ ಬಿಡಿಸುತ್ತದೆ. ಹಗಲು ಲೈನಿಗೆ ಕೊಟ್ಟದ್ದನ್ನು ರಾತ್ರಿ ಹಿಂಪಡೆದಂತೆ ಲೆಕ್ಕವಾಗುತ್ತದೆ. ಆದರೆ ಲೈನಿನಲ್ಲಿ ಕರೆಂಟಿಲ್ಲದಾಗ ಇಂಥ ಫಲಕಗಳೂ ಕೆಲಸ ನಿಲ್ಲಿಸುತ್ತವೆ ಎಂಬುದನ್ನು ಬಹಳ ಮಂದಿ ಫಲಕ ಹಾಕಿಸಿದ ಮೇಲೆ ತಿಳಿಯುತ್ತಾರೆ.

ಮನೆ ಚಾರ್ಜಿಂಗ್ ಎಂಬ ಮಾತಿನ ಹಿಂದೆ ಮನೆಮುಂದೆ ಸ್ವಂತ ಜಾಗ ಇದೆಯೆಂಬ ಊಹೆಯಿದೆ. ಕೊಟ್ಟೂರಿನ ತೇರುಬೀದಿಯ ಸುತ್ತಣ ಓಣಿಗಳಲ್ಲಿ, ಹರಪನಹಳ್ಳಿಯ ಹಳೆಯ ಕೋಟೆಯ ಕಡೆಯ ಮನೆಗಳಲ್ಲಿ ಬಾಗಿಲು ತೆರೆದರೆ ಬೀದಿ. ಅಲ್ಲಿ ಕಾರು ನಿಲ್ಲುವುದು ಅರ್ಧ ಫರ್ಲಾಂಗು ದೂರದ ಬಯಲಲ್ಲಿ. ಗಟಾರದ ಮೇಲೆ, ದನಕರು ಓಡಾಡುವ ದಾರಿಗಡ್ಡ ಕೇಬಲ್ ಎಳೆದು ಚಾರ್ಜ್ ಮಾಡುವುದು ಕಾರಿಗಷ್ಟೇ ಅಲ್ಲ, ಊರಿಗೂ ಅಪಾಯ. ಬಾಡಿಗೆಯವರಿಗೆ ಮಾಲೀಕರ ಒಪ್ಪಿಗೆಯಿಲ್ಲದೆ ಮೀಟರು ಸಿಗುವುದು ಕಷ್ಟ. ಸಾರ್ವಜನಿಕ ಚಾರ್ಜಿಂಗ್ ನಿಜವಾಗಿ ಬೇಕಾಗಿರುವುದು ಇಂಥವರಿಗೆ, ಮತ್ತು ಇವರಿಗೆ ಬೇಕಾದದ್ದು ವೇಗದ ಚಾರ್ಜರಲ್ಲ. ರಾತ್ರಿಯಿಡೀ ಕಾರು ನಿಲ್ಲಿಸಬಹುದಾದ, ನಾಲ್ಕಾರು ಸಾಧಾರಣ ಸಾಕೆಟ್ಟುಗಳಿರುವ ಬೆಳಕಿನ ಜಾಗ.

ಸಾರ್ವಜನಿಕ ಚಾರ್ಜಿಂಗಿನ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ವಿದ್ಯುತ್ ವಾಹನಗಳಿಗೆಂದು ನೀತಿಯೊಂದನ್ನು 2017ರಲ್ಲಿ ದೇಶದಲ್ಲೇ ಮೊದಲು ರೂಪಿಸಿದ ರಾಜ್ಯ ಇದು. 2025ರ ಆರಂಭದ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಕೇಂದ್ರಗಳೊಂದಿಗೆ ದೇಶದಲ್ಲಿ ಮೊದಲ ಸ್ಥಾನದಲ್ಲಿತ್ತು. ಅವುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವೆಂಬುದನ್ನು ಸೇರಿಸಿ ಓದಿದಾಗ ಆ ಹೆಸರಿನ ಬಣ್ಣ ತಿಳಿಯಾಗುತ್ತದೆ.

ಇಂಥ ಕೇಂದ್ರಗಳಲ್ಲಿ ಕಾಣುವ ಕನೆಕ್ಟರುಗಳಲ್ಲಿ, ಅಂದರೆ ಜನ ‘ಗನ್’ ಎನ್ನುವ ಕೈಹಿಡಿಗಳಲ್ಲಿ, ಇಂದಿನ ಕಾರುಗಳಿಗೆ ಬೇಕಾದವು ಎರಡೇ: ನಿಧಾನದ ಎ.ಸಿ. ಚಾರ್ಜಿಂಗಿಗೆ ಟೈಪ್ 2, ವೇಗದ ಡಿ.ಸಿ. ಚಾರ್ಜಿಂಗಿಗೆ ಸಿ.ಸಿ.ಎಸ್. 2. ಮೊದಮೊದಲು ಸರ್ಕಾರಿ ಕಚೇರಿಗಳ ಆವರಣದಲ್ಲಿ ಕೂರಿಸಿದ ಭಾರತ್ ಡಿ.ಸಿ. 001 ಎಂಬ 15 ಕಿಲೋವ್ಯಾಟಿನ ಮಾದರಿ ಈಗಿನ ಕಾರುಗಳಿಗೆ ಹೊಂದುವುದಿಲ್ಲ. ನಕ್ಷೆಯಲ್ಲಿ ಚಾರ್ಜರಿನ ಗುರುತು ಕಂಡು ಹೋದವರು ಬರಿಗೈಯಲ್ಲಿ ಹಿಂತಿರುಗುವುದಕ್ಕೆ ಇದೂ ಒಂದು ಕಾರಣ. ಎಲ್ಲ ಕಾರುಗಳಿಗೂ ಡಿ.ಸಿ. ಸೌಲಭ್ಯವಿಲ್ಲ, 2023ರಲ್ಲಿ ಬಂದ ಎಂ.ಜಿ. ಕಾಮೆಟ್ ಎ.ಸಿ. ಚಾರ್ಜಿಂಗನ್ನಷ್ಟೇ ಬಲ್ಲದು. ಪ್ರತಿ ಕಂಪನಿಗೂ ಅದರದೇ ಆ್ಯಪ್, ಅದರದೇ ವ್ಯಾಲೆಟ್ ಇರುವುದರಿಂದ ಹೊರಡುವ ಮೊದಲೇ ಮೂರು ನಾಲ್ಕನ್ನು ಮೊಬೈಲಿಗೆ ಇಳಿಸಿಕೊಂಡು ಅಲ್ಪಸ್ವಲ್ಪ ಹಣ ತುಂಬಿಡಬೇಕು, ಬೆಸ್ಕಾಂನ ಇ.ವಿ. ಮಿತ್ರ ಆ್ಯಪ್ ಅದರ ಸ್ವಂತ ಕೇಂದ್ರಗಳಿಗೆ ನೆರವಾಗುತ್ತದೆ. ಖಾಸಗಿ ವೇಗದ ಚಾರ್ಜರುಗಳಲ್ಲಿ ಯೂನಿಟ್ಟಿಗೆ 15ರಿಂದ 25 ರೂಪಾಯಿ, ಅದರ ಮೇಲೆ ಶೇ 18ರ ಜಿ.ಎಸ್.ಟಿ. ಮನೆಯಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿ ಆಗುವ ಖರ್ಚು ಅಲ್ಲಿ ಮೂರು, ಮೂರೂವರೆಯಾಗುತ್ತದೆ. ಪೆಟ್ರೋಲಿಗಿಂತ ಅದೂ ಕಡಿಮೆಯೇ, ಆದರೆ ಮನೆಯಲ್ಲಿ ಚಾರ್ಜ್ ಮಾಡಲಾಗದವನಿಗೆ ವಿದ್ಯುತ್ ಕಾರಿನ ಉಳಿತಾಯದ ಅರ್ಧಭಾಗ ಅಲ್ಲೇ ಕರಗುತ್ತದೆ.

ಹೆದ್ದಾರಿಯ ಎರಡೂ ಬದಿಗೆ 25 ಕಿಲೋಮೀಟರಿಗೊಂದು ಕೇಂದ್ರ ಇರಬೇಕೆಂದು 2022ರ ಕೇಂದ್ರ ಮಾರ್ಗಸೂಚಿ ಹೇಳಿತು, 2024ರ ಮಾರ್ಗಸೂಚಿ ಅದನ್ನು 20ಕ್ಕೆ ಇಳಿಸಿತು. ಈ ಐದು ತಾಲ್ಲೂಕು ಕೇಂದ್ರಗಳಲ್ಲಿ ಚಿತ್ರದುರ್ಗ–ಹೊಸಪೇಟೆ–ವಿಜಯಪುರದ ರಾಷ್ಟ್ರೀಯ ಹೆದ್ದಾರಿ 50ರ ಮೇಲಿರುವುದು ಕೂಡ್ಲಿಗಿಯೊಂದೇ. ಹಗರಿಬೊಮ್ಮನಹಳ್ಳಿ ಮತ್ತು ಹರಪನಹಳ್ಳಿಗಳು ಹೊಸಪೇಟೆಯಿಂದ ಹರಿಹರದ ಕಡೆಗೆ ಹೋಗುವ ದಾರಿಯಲ್ಲಿವೆ. ಕೊಟ್ಟೂರು, ಹಡಗಲಿಗಳು ಒಳದಾರಿಗಳಲ್ಲಿವೆ. ಹೆದ್ದಾರಿಯನ್ನು ಅಳತೆಗೋಲಾಗಿಟ್ಟುಕೊಂಡ ಯೋಜನೆ ಹಾದುಹೋಗುವವರಿಗೆ ಅನುಕೂಲ ಮಾಡುತ್ತದೆ, ಇಲ್ಲೇ ಇರುವವರನ್ನು ಮರೆಯುತ್ತದೆ. ತೈಲ ಕಂಪನಿಗಳ ಬಂಕುಗಳಲ್ಲಿ 7,432 ವೇಗದ ಚಾರ್ಜರು ಕೂರಿಸಲು 2023ರಲ್ಲಿ ಮಂಜೂರಾದ 800 ಕೋಟಿ ರೂಪಾಯಿಯಾಗಲಿ, 2024ರ ಪಿ.ಎಂ. ಇ–ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗಿಗೆಂದು ತೆಗೆದಿಟ್ಟ 2,000 ಕೋಟಿಯಾಗಲಿ ವಾಹನ ಸಂಚಾರ ಹೆಚ್ಚಿರುವ ಕಡೆಗೇ ಮೊದಲು ಹರಿಯುವುದು ಅನಿವಾರ್ಯ.

ಹೂಡಿಕೆದಾರರನ್ನು ದೂರುವುದೂ ನ್ಯಾಯವಲ್ಲ. 60 ಕಿಲೋವ್ಯಾಟಿನ ಒಂದೇ ಒಂದು ವೇಗದ ಚಾರ್ಜರು ಪೂರ್ಣ ಬಲದಲ್ಲಿ ನಡೆದಾಗ ಒಂದು ಓಣಿಗೆಲ್ಲ ಸಾಕಾಗುವ 63 ಕೆ.ವಿ.ಎ. ಟಿ.ಸಿ.ಯನ್ನು ಪೂರ್ತಿ ನುಂಗುತ್ತದೆ. ಹಾಗಾಗಿ ಅದಕ್ಕೆ ಬೇರೆಯೇ ಟಿ.ಸಿ. ಬೇಕು, ಕಾರು ಬರಲಿ ಬಾರದಿರಲಿ ತಿಂಗಳ ಸ್ಥಿರ ಶುಲ್ಕ ಕಟ್ಟಬೇಕು. ಮೈಲಾರದ ಕಾರಣಿಕದ ದಿನ, ಕೊಟ್ಟೂರೇಶ್ವರ ರಥೋತ್ಸವದ ದಿನ ಸಾಲು ನಿಲ್ಲಬಹುದಾದ ಆ ಚಾರ್ಜರಿಗೆ ಮಾರನೆಯ ವಾರ ದಿನಕ್ಕೊಂದು ಕಾರು ಬಂದರೆ ಹೆಚ್ಚು. ಹರಪನಹಳ್ಳಿಯ ಸುತ್ತಣ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದರೂ, ಕುಡತಿನಿಯಲ್ಲಿ ಉಷ್ಣ ಸ್ಥಾವರ ಇದ್ದರೂ ಆ ವಿದ್ಯುತ್ತೆಲ್ಲ ದೊಡ್ಡ ಲೈನು ಹಿಡಿದು ರಾಜ್ಯದ ಜಾಲಕ್ಕೆ ಸೇರುತ್ತದೆ. ಮನೆಯಂಗಳದಲ್ಲೇ ತಯಾರಾದದ್ದೆಂದು ಊರಿನ ಟಿ.ಸಿ.ಗೆ ಅದು ಹೆಚ್ಚಾಗಿ ಬರುವುದಿಲ್ಲ.

ಹಾಗಾದರೆ ದೂರದ ಪ್ರಯಾಣ ಹೇಗೆ? ಕೂಡ್ಲಿಗಿಯಿಂದ ಬೆಂಗಳೂರು ಸುಮಾರು 290 ಕಿಲೋಮೀಟರ್. ನಿಜವಾಗಿ 250 ಕಿಲೋಮೀಟರ್ ಓಡುವ ಕಾರನ್ನು ಮನೆಯಲ್ಲಿ ಪೂರ್ತಿ ತುಂಬಿಸಿ ಹೊರಟರೆ ಚಿತ್ರದುರ್ಗ–ತುಮಕೂರಿನ ನಡುವೆ ಎಲ್ಲಿಯಾದರೂ ಊಟದ ಹೊತ್ತಿಗೆ ಒಂದು ಸಲ ನಿಂತರೆ ಸಾಕು. ಡಿ.ಸಿ. ಚಾರ್ಜರಿನಲ್ಲಿ 80 ಪ್ರತಿಶತದವರೆಗೆ ವೇಗ ಚೆನ್ನಾಗಿದ್ದು, ಅಲ್ಲಿಂದಾಚೆ ಬ್ಯಾಟರಿಯ ರಕ್ಷಣೆಗಾಗಿ ಕಾರೇ ವೇಗವನ್ನು ಇಳಿಸುವುದರಿಂದ ಕೊನೆಯ ಇಪ್ಪತ್ತು ಪ್ರತಿಶತಕ್ಕೆ ಕಾಯುತ್ತ ಕೂರುವುದು ಸಮಯಕ್ಕೂ ಹಿಂದಿನ ಕಾರಿನವರಿಗೂ ನಷ್ಟ. ಗಂಟೆಗೆ 100 ಕಿಲೋಮೀಟರಿನ ಬದಲು 80ರಲ್ಲಿ ಓಡಿಸಿದರೆ ದೂರ ಗಣನೀಯವಾಗಿ ಹೆಚ್ಚುತ್ತದೆ, ಏಕೆಂದರೆ ವೇಗ ಏರಿದಂತೆ ಗಾಳಿಯ ತಡೆ ಅದಕ್ಕಿಂತ ಜೋರಾಗಿ ಏರುತ್ತದೆ. ಏಪ್ರಿಲ್–ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಬ್ಯಾಟರಿ ಕಾದಿದ್ದರೆ ವೇಗದ ಚಾರ್ಜಿಂಗೂ ನಿಧಾನವಾಗುತ್ತದೆ. ಆ ತಿಂಗಳುಗಳಲ್ಲಿ ಬೆಳಗಿನ ಜಾವ ಹೊರಡುವುದು ಜನರಿಗೆ ಹೇಗೋ ಬ್ಯಾಟರಿಗೂ ಹಾಗೆಯೇ ಹಿತ. ಯಾವ ಕೇಂದ್ರವನ್ನೇ ನೆಚ್ಚಿದರೂ ಅದು ಕೆಟ್ಟಿದ್ದರೆ ಮುಂದಿನದಕ್ಕೆ ಹೋಗುವಷ್ಟು ಚಾರ್ಜು ಕೈಯಲ್ಲಿರಬೇಕು.

ಈ ಸೀಮೆಗೆ ಬೇಕಾದದ್ದು ದುಬಾರಿಯದೇನೂ ಅಲ್ಲ. ಪುರಸಭೆ, ಪಟ್ಟಣ ಪಂಚಾಯಿತಿಗಳ ಖಾಲಿ ಜಾಗದಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ, ತಾಲ್ಲೂಕು ಆಸ್ಪತ್ರೆಯ ಆವರಣದಲ್ಲಿ ತಲಾ ನಾಲ್ಕೈದು ಎ.ಸಿ. ಸಾಕೆಟ್ಟುಗಳನ್ನು, ಸರಿಯಾದ ಅರ್ಥಿಂಗ್ ಮತ್ತು ಯು.ಪಿ.ಐ. ಪಾವತಿಯೊಂದಿಗೆ ಇಟ್ಟರೆ ಒಂದು ವೇಗದ ಚಾರ್ಜರಿನ ಬೆಲೆಯಲ್ಲಿ ಐದೂ ಊರುಗಳ ಮನೆಜಾಗವಿಲ್ಲದವರಿಗೆ ದಾರಿಯಾಗುತ್ತದೆ. ಅದೇ ಸಾಕೆಟ್ಟುಗಳಲ್ಲಿ ಸ್ಕೂಟರು, ಆಟೋಗಳೂ ಚಾರ್ಜ್ ಆಗುತ್ತವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೆ ಇದು ತಕ್ಕ ಕೆಲಸ. ವೇಗದ ಚಾರ್ಜರು ಸದ್ಯಕ್ಕೆ ಕೂಡ್ಲಿಗಿಯ ಹೆದ್ದಾರಿಯಲ್ಲೂ ಹರಪನಹಳ್ಳಿಯಲ್ಲೂ ಒಂದೊಂದಿದ್ದರೆ ಸಾಕು. ಮನೆಯಲ್ಲಿ ಜಾಗವಿರುವವರು ಕಾರು ಬುಕ್ ಮಾಡುವ ಮೊದಲೇ ಅರ್ಥಿಂಗ್ ಅಳೆಸಿ, ಬಿಲ್ಲಿನಲ್ಲಿ ಮಂಜೂರಾದ ಲೋಡು ನೋಡಿ, ಕಡಿಮೆಯಿದ್ದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. 2024ರ ತಿದ್ದುಪಡಿಯಂತೆ ಪುರಸಭೆಯ ವ್ಯಾಪ್ತಿಯಲ್ಲಿ 7 ದಿನ, ಗ್ರಾಮೀಣ ಭಾಗದಲ್ಲಿ 15 ದಿನಗಳೊಳಗೆ ಹೊಸ ಸಂಪರ್ಕ ಕೊಡಬೇಕು. ಆ ಗಡುವು ಎಣಿಕೆಯಾಗುವುದು ಎಲ್ಲ ವಿಧದಲ್ಲೂ ಪೂರ್ಣವಾದ ಅರ್ಜಿ ದಾಖಲಾದ ದಿನದಿಂದ.